ಎರಡು ತೂತಿನ ಗುಂಡಿ

ನನ್ನ ಪಿಎಚ್.ಡಿ. ಪ್ರಬಂಧದ ಹದಿನೇಳನೇ ಪುಟವನ್ನು ಯಾರಾದರೂ ನಿಜವಾಗಿ ಓದಿಬಿಟ್ಟರೆ? ನಾಲ್ಕು ದಿನದಿಂದ ಇದೇ ಅಳುಕು. ಯಾರೂ ಓದದೆ ಹೋದರೆ ಎಂಬ ಅಳುಕು ಇನ್ನೂ ದೊಡ್ಡದು. ಅದನ್ನು ಡೈರಿಯಲ್ಲೂ ಪೆನ್ಸಿಲಿನಲ್ಲೇ ಬರೆದೆ, ಅಳಿಸಲು ಅನುಕೂಲವಾಗಲಿ ಎಂದು.

ನನ್ನ ಮೇಜಿನ ಮೇಲೆ ಹಳೆಯ ಕೋಟಿನಿಂದ ಉದುರಿದ ಎರಡು ತೂತಿನ ಗುಂಡಿಯೊಂದಿದೆ. ಅದರ ಮೈಮೇಲೆ ಒಂದು ಚುಕ್ಕೆಯಿಂದ ಹೊರಟು ಅಲ್ಲಿಗೇ ಮರಳುವ ದಾರದ ಸುತ್ತುಗಳೆಲ್ಲ ಸೇರಿ ಒಂದು ಗ್ರೂಪ್, ಎರಡನ್ನು ಜೋಡಿಸಿದರೆ ಮತ್ತೊಂದು ಸುತ್ತೇ ಸಿಗುವ ಕೂಟ. ಅದು ಅನಂತ, ಇಡಿಯಾಗಿ ಕಣ್ಣಿಗೆ ಸಿಗದು. ಹಾಗಾಗಿ ಅದರ ಸೀಮಿತ ನೆರಳುಗಳನ್ನು ಒಂದೊಂದಾಗಿ ನೋಡುತ್ತೇವೆ; ಗಣಿತದಲ್ಲಿ ಸೀಮಿತ ಭಾಗಲಬ್ಧಗಳು ಎನ್ನುತ್ತಾರೆ. ಬಿಚ್ಚಿಹೋಗದ ಸುತ್ತು ಯಾವುದಾದರೊಂದು ನೆರಳಿನಲ್ಲಿ ಕಂಡೇ ಕಾಣುತ್ತದೆ. ಆದರೆ ನೆರಳುಗಳೆಲ್ಲ ಒಂದಕ್ಕೊಂದು ಹೊಂದಿಕೊಂಡೂ ಹಿಂದೆ ಸುತ್ತೇ ಇಲ್ಲದಿರಬಹುದು. ಅಂಥವನ್ನೂ ಸೇರಿಸಿಕೊಂಡದ್ದು ಪ್ರೊಫೈನೈಟ್ ಗ್ರೂಪ್. ನಾನು ಹದಿನೇಳನೇ ಪುಟದಲ್ಲಿ ಹೊಂದುವ ನೆರಳುಗಳನ್ನಷ್ಟೇ ಕೈಯಲ್ಲಿ ಹಿಡಿದು, "ಈ ಸುತ್ತನ್ನು ತೆಗೆದುಕೊಳ್ಳೋಣ" ಎಂದು ಬರೆದು, ಅದು ಇದೆ ಎಂದು ತೋರಿಸದೆಯೇ ಮುಂದೆ ಹೋಗಿಬಿಟ್ಟಿದ್ದೆ.

ಮಧ್ಯಾಹ್ನ ಅಮ್ಮನ ಫೋನು ಬಂತು.

"ಊಟ ಆಯ್ತೇನೇ?"

"ಆಯ್ತಮ್ಮ."

"ಜೊತೇಲಿ ಯಾರಾದ್ರೂ ಇದ್ರಾ?"

"ಇದ್ರು."

ಇದ್ದದ್ದು ಗುಂಡಿ. ಅಣ್ಣ ಕೇಳಿದರೂ ಇದೇ ಉತ್ತರ, ಅತ್ತೆ ಕೇಳಿದರೂ ಇದೇ. ಅವರು ಮೂವರೂ ಕೂತು ತಾಳೆ ನೋಡಿದರೂ ಎಲ್ಲೂ ತಪ್ಪು ಸಿಗದು.

ಮೂರು ಗಂಟೆಗೆ ಸೆಮಿನಾರ್. ಗುಂಡಿಯನ್ನು ಜೇಬಿಗೆ ಹಾಕಿಕೊಂಡು ಹೋದೆ. ಐದು ಜನ, ಅದರಲ್ಲಿ ಒಬ್ಬರಿಗೆ ತೂಕಡಿಕೆ. ನನ್ನ ಗೈಡ್ ಮೇಡಂ ಇವತ್ತು ಪ್ರಬಂಧಕ್ಕೆ ಸಹಿ ಹಾಕಿದರೆ ಮುಂದಿನ ತಿಂಗಳಿಂದ ಕೆಲಸ. ಇಲ್ಲದಿದ್ದರೆ ಇನ್ನೊಂದು ವರ್ಷ ಅದೇ ಕಿಟಕಿಯಿಲ್ಲದ ಕೋಣೆ, ಗೋಡೆಯಾಚೆಯ ಲಿಫ್ಟಿನ ಗೊರಗೊರ. ನಾನು ಬೋರ್ಡಿಗೇ ಮುಖ ಮಾಡಿ ಒಂದು ಗಂಟೆ ಮಾತಾಡಿದೆ. ಆ ಪುಟ ಬಂದಾಗ ಬೇಗ ಬೇಗ ಬರೆದು, ಇನ್ನೂ ಬೇಗ ಒರೆಸಿದೆ. ಎಲ್ಲರೂ ತಲೆಯಾಡಿಸಿದರು.

ಸಹಿ ಹಾಕುವ ಮೊದಲು ಮೇಡಂ ಪ್ರತಿಯೊಬ್ಬರನ್ನೂ ಡಾಕ್ಟರ ಹಾಗೆ ಒಂದೇ ಪ್ರಶ್ನೆ ಕೇಳುತ್ತಾರೆ. "ಎಲ್ಲೂ ಇಲ್ಲ ಮೇಡಂ" ಎನ್ನುವುದು ನಮ್ಮಲ್ಲಿ ನಡೆದುಬಂದ ಉತ್ತರ. ಆಮೇಲೆ ನಗು, ಚಹಾ.

"ಹೇಳಮ್ಮ, ಎಲ್ಲಿ ನೋವು?" ಪೆನ್ನಿನ ಮುಚ್ಚಳ ಆಗಲೇ ತೆಗೆದಾಗಿತ್ತು.

"ಬಾಯಿದ್ರಲ್ವಾ ಮೇಡಂ, ಹೇಳೋಕೆ?" ಎಂದ ನನ್ನ ಸೀನಿಯರ್. "ಮೂರು ವರ್ಷದಿಂದ ಪಕ್ಕದ ಮೇಜಲ್ಲಿ ಕೂತಿದೀನಿ, ಇವಳ ಸೀನು ಮಾತ್ರ ಕೇಳಿದೀನಿ."

ಎಲ್ಲರೂ ನಕ್ಕರು. ನಾನೂ ನಕ್ಕೆ, ರೂಢಿ. ಎಲ್ಲೂ ಇಲ್ಲ ಎಂಬುದು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಜೇಬಿನಲ್ಲಿದ್ದ ಗುಂಡಿ ಬೆರಳಿಗೆ ಒತ್ತಿತು.

"ಹದಿನೇಳನೇ ಪುಟದಲ್ಲಿ, ಮೇಡಂ," ಎಂದೆ. ಕೊನೆಯ ಬೆಂಚಿಗೂ ಕೇಳಿಸಿರಬೇಕು. "ಅಲ್ಲಿ ಇದೆ ಅಂತ ಬರೆದಿರೋ ಸುತ್ತು ಇದೆಯೋ ಇಲ್ವೋ ನಂಗೆ ಗೊತ್ತಿಲ್ಲ."