ಹದಿನಾರು ಹಲ್ಲು

ಶವಪೆಟ್ಟಿಗೆ ಗುಡ್ಡದ ತಿರುವು ದಾಟುತ್ತಿದ್ದಂತೆ ಗಾಳಿ ನುಗ್ಗಿ ಬಂದು ಹೆಸ್ತರಳ ಕಪ್ಪು ಟೋಪಿಗೇ ಕೈಹಾಕಿತು. ಗದ್ದದ ಕೆಳಗಿನ ಲಾಡಿ ಬಿಚ್ಚಿಕೊಂಡು ಪಟಪಟ ಹೊಡೆದುಕೊಂಡಿತು. ಅವಳು ಎರಡೂ ಕೈಯಿಂದ ಟೋಪಿಯನ್ನು ತಲೆಗೆ ಅಮುಕಿ ಹಿಡಿದು ದಾರಿಯ ನಡುವೆಯೇ ನಿಂತುಬಿಟ್ಟಳು. ಹಿಂದೆ ಬರುತ್ತಿದ್ದ ಎಪ್ಪತ್ತು ಎಂಬತ್ತು ಜನರೂ ನಿಂತರು. ಪೆಟ್ಟಿಗೆಗೆ ಹೆಗಲು ಕೊಟ್ಟಿದ್ದ ಆರು ಜನ ನೇಕಾರರು ಇದ್ಯಾವುದನ್ನೂ ನೋಡದೆ ಮರದಟ್ಟೆಯ ಬೂಟು ಸದ್ದು ಮಾಡುತ್ತಾ ಇಪ್ಪತ್ತು ಹೆಜ್ಜೆ ಮುಂದೆ ಹೋಗಿದ್ದರು.

"ಹೋದ್ರೆ ಹೋಗ್ಲಿ ಬಿಡೇ, ನಂದು ಕೊಡ್ತೀನಿ," ಎಂದಳು ನಾದಿನಿ ಡಾರ್ಕಸ್. "ಅಲ್ಲಿ ಗಂಡನ್ನ ಹೊತ್ಕೊಂಡು ಹೋಗ್ತಿದಾರೆ, ಇವಳಿಗೆ ಟೋಪಿ ಚಿಂತೆ."

"ನಿನ್ನ ಟೋಪಿ ನಂಗೆ ಬೇಡ. ಲಾಡಿ ಕಟ್ಟು. ಎರಡು ಗಂಟು ಹಾಕು."

ಡಾರ್ಕಸ್ ಗೊಣಗುತ್ತಾ ಮೂರು ಗಂಟು ಹಾಕಿದಳು. ಥಾರ್ನ್‌ಕ್ಲಫ್ ಊರಿನಲ್ಲಿ ಯಾರು ಸತ್ತರೂ ಹೆಸ್ತರ್ ಈ ಟೋಪಿ ಹಾಕಿಕೊಂಡೇ ಬರುತ್ತಿದ್ದಳು. ಅದರ ಬಟ್ಟೆ ತುಕ್ಕಿನ ಬಣ್ಣಕ್ಕೆ ತಿರುಗಿತ್ತು. ಹೊಸದು ಹೊಲಿಸಿಕೋ ಎಂದು ಹೇಳಿ ಹೇಳಿ ಹೆಂಗಸರಿಗೆ ಸಾಕಾಗಿತ್ತು. ಅವಳು ಅದನ್ನು ಯಾಕೆ ಬಿಡುತ್ತಿಲ್ಲ ಎಂದು ಗೊತ್ತಿದ್ದವನು ಒಬ್ಬನೇ, ಅವನು ಈಗ ಪೆಟ್ಟಿಗೆಯೊಳಗಿದ್ದ.

ಜೇಬೆಜ್ ಹಾವರ್ತ್ ಐವತ್ತು ವರ್ಷ ಕೈಮಗ್ಗ ನೇಯ್ದವನು. ಮಗ್ಗದ ಅಡ್ಡಮರಕ್ಕೆ ಗಿಡಗಳ ಲ್ಯಾಟಿನ್ ಹೆಸರು ಬರೆದ ಚೀಟಿ ಸಿಕ್ಕಿಸಿಕೊಂಡು, ಲಾಳಿ ಆ ಕಡೆಯಿಂದ ಈ ಕಡೆ ಬರುವಷ್ಟರಲ್ಲಿ ಒಂದೊಂದು ಹೆಸರು ಬಾಯಿಪಾಠ ಮಾಡಿದವನು. ಭಾನುವಾರ ಬಂತೆಂದರೆ ಗುಡ್ಡ, ಹಳ್ಳ, ಜೌಗು ಸುತ್ತಿ ಟೋಪಿ ತುಂಬ ಪಾಚಿ ತರುತ್ತಿದ್ದ. ಮಧ್ಯಾಹ್ನ ಕುರಿಮರಿ ಚಿತ್ರದ ಪಡಖಾನೆಯ ಮಹಡಿಯಲ್ಲಿ ಗಿಡದ ಸಂಘ ಸೇರುತ್ತಿತ್ತು. ನೇಕಾರರು, ಕಲ್ಲು ಒಡೆಯುವವರು, ಬೂಟು ಮಾಡುವವರು ತಂದ ಗಿಡಗಳನ್ನೆಲ್ಲ ಮೇಜಿನ ಮೇಲೆ ರಾಶಿ ಹಾಕುತ್ತಿದ್ದರು. ಅಧ್ಯಕ್ಷನಾದ ಜೇಬೆಜ್ ಒಂದೊಂದನ್ನೇ ಎತ್ತಿ ಹೆಸರು ಕೂಗುವುದು, ಉಳಿದವರು ತಿರುಗಿ ಕೂಗುವುದು. ಓದು ಬಾರದವನಿಗೂ ಹೀಗೆ ಮುನ್ನೂರು ಹೆಸರು ಬರುತ್ತಿದ್ದವು. ಒಂದೇ ಕಟ್ಟಳೆ: ತಾನು ಕಣ್ಣಾರೆ ನೋಡಿ ಎಣಿಸದ ಗಿಡದ ಹೆಸರನ್ನು ಯಾರೂ ಮೊದಲು ಕೂಗುವಂತಿಲ್ಲ.

ಹೂಳುವಾಗಲೂ ಸಂಘದವರದೇ ಒಂದು ಪದ್ಧತಿ. ಒಬ್ಬೊಬ್ಬರಾಗಿ ಬಂದು, ಗುಡ್ಡದಿಂದ ತಂದ ಒಂದು ಕಡ್ಡಿಯನ್ನೋ ಪಾಚಿಯ ಚೂರನ್ನೋ ಗುಂಡಿಗೆ ಹಾಕಿ ಅದರ ಹೆಸರು ಹೇಳುತ್ತಿದ್ದರು. ಲ್ಯಾಟಿನ್ ಎಂದರೆ ರೋಮಿನ ಕಥೋಲಿಕರ ಪೂಜೆ ಎಂದು ಮೊದಮೊದಲು ಮುಖ ಸಿಂಡರಿಸುತ್ತಿದ್ದ ಪಾದ್ರಿ ಈಗೀಗ ತಾನೂ ಒಂದು ಜರೀಗಿಡದ ಎಲೆ ತರುತ್ತಿದ್ದ. ಅರವತ್ತು ಹೆಸರು ಪೆಟ್ಟಿಗೆಯ ಮೇಲೆ ಬಿದ್ದವು. ಒಂದೊಂದೂ ಜೇಬೆಜ್ ಕಲಿಸಿದ್ದು. ಕೊನೆಯವನು ಎಲೈ ಕ್ಲೆಗ್, ಬೂಟು ಮಾಡುವವನು, ಜೇಬೆಜ್‌ನ ನಲವತ್ತು ವರ್ಷದ ಗೆಳೆಯ, ಇವತ್ತಿನಿಂದ ಸಂಘದ ಅಧ್ಯಕ್ಷ. ಅವನ ಪಕ್ಕದಲ್ಲಿ ಒಳ್ಳೆ ಉಣ್ಣೆ ಕೋಟಿನ ಮುದುಕರೊಬ್ಬರು ಟೋಪಿ ತೆಗೆದು ನಿಂತಿದ್ದರು. ಪಟ್ಟಣದಿಂದ ರೈಲು ಹತ್ತಿ ಬಂದ ಡಾಕ್ಟರ್ ಮಾರ್ಸ್‌ಡನ್. ಪಾಚಿಗಳ ಬಗ್ಗೆ ದಪ್ಪ ಪುಸ್ತಕ ಬರೆದವರು.

ಅವರನ್ನು ಕಂಡದ್ದೇ ಹೆಸ್ತರಳ ಕೈ ಮತ್ತೆ ಟೋಪಿಯ ಮೇಲೆ ಹೋಯಿತು.

*

ಹತ್ತೊಂಬತ್ತು ವರ್ಷದ ಹಿಂದಿನ ಮಾತು. ಊರ ಮೇಲಿನ ಕಣಿವೆಯಲ್ಲಿ, ಅಬ್ಬಿಯ ಹಿಂದೆ, ಮುದುಕಿ ಬಂಡೆ ಅಂತ ಒಂದಿತ್ತು. ಅದರ ಒಂದು ಬಿರುಕಿನಲ್ಲಿ ಜೇಬೆಜ್‌ಗೆ ಒಂದು ಪಾಚಿ ಸಿಕ್ಕಿತು. ನೋಡಿದರೆ ಗೋಡೆ ಪಾಚಿಯ ಹಾಗೇ. ಆದರೆ ಅದರ ಬೀಜದ ಕುಡಿಕೆ ಇರುತ್ತದಲ್ಲ, ಸಾಸಿವೆಗಿಂತ ಚಿಕ್ಕದು, ಅದರ ಬಾಯಿಯ ಸುತ್ತ ಕೂದಲೆಳೆಯಂಥ ಹಲ್ಲುಗಳಿರುತ್ತವೆ. ಗೋಡೆ ಪಾಚಿಗೆ ಮೂವತ್ತೆರಡು. ಇದಕ್ಕೆ ಹದಿನಾರು. ಕುಡಿಕೆ ಬಿಟ್ಟಿದ್ದು ಒಂದೇ ಒಂದು ಹಿಡಿ. ಜೇಬೆಜ್ ಮೂರು ಭಾನುವಾರ ಹಗಲು ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ಎಣಿಸಿದ. ಹದಿನಾರೇ. ಅದಕ್ಕೊಂದು ಹೆಸರಿಟ್ಟು, ಹೆಸರನ್ನು ಕಾಗದದ ಮೇಲೆ ಬರೆದು, ಪಾಚಿಯನ್ನು ಅದರಲ್ಲಿ ಮಡಿಚಿ, ಡಾಕ್ಟರಿಗೆ ಅಂಚೆಯಲ್ಲಿ ಹಾಕಲು ಹೆಸ್ತರಳಿಗೆ ಕೊಟ್ಟ. ಮಗ್ಗದ ಮೇಲೆ ಹಾಸಿನ ನೂಲು ಏರಿತ್ತು, ಅವನು ಏಳುವ ಹಾಗಿರಲಿಲ್ಲ.

ಹೆಸ್ತರ್ ಕಾಗದ ಬಿಚ್ಚಿ ನೋಡಿದಳು. ತಳ ಹಿಡಿದ ಪಾತ್ರೆಯಿಂದ ಕೆರೆದು ತೆಗೆದಂಥ ಒಂದು ಕಂದು ಚೂರು. ಹೋಗುವುದು ದೊಡ್ಡವರ ಮನೆಗೆ. ಅಕ್ಕಪಕ್ಕದವರಿಗೆ ಓಟ್ಸ್ ರೊಟ್ಟಿ ಕಳಿಸುವಾಗಲೂ ಸೀದದ್ದನ್ನು ಮೇಲಿಟ್ಟು ಕಳಿಸಿದವಳಲ್ಲ ಅವಳು. ಅಟ್ಟಣೆಯ ಮೇಲೆ ಅದೇ ಥರದ ಇನ್ನೊಂದು ಪಾಚಿ ಇತ್ತು. ದುಂಡಗೆ, ಹಸಿರಾಗಿ, ಮೈಕೈ ತುಂಬಿಕೊಂಡಿತ್ತು. ಒಂದೇ ಮಂದೆಯ ಕುರಿ, ಒಂದು ಬಡಕಲು, ಒಂದು ಮೇದದ್ದು, ಅಷ್ಟೇ ತಾನೆ ಎಂದುಕೊಂಡಳು. ಹಸಿರನ್ನು ಕಾಗದದೊಳಗಿಟ್ಟು ಕಳಿಸಿದಳು. ಗಂಡ ಏನನ್ನೂ ಬಿಸಾಡುವವನಲ್ಲವೆಂದು ಕಂದು ಚೂರನ್ನು ಎತ್ತಿಟ್ಟಳು.

ಡಾಕ್ಟರ ಉತ್ತರವನ್ನು ಜೇಬೆಜ್ ತಾನೇ ಗಟ್ಟಿಯಾಗಿ ಓದಿದ. ಹಲ್ಲು ಮೂವತ್ತೆರಡು ಇವೆ, ಇದು ಎಲ್ಲ ಗೋಡೆಯ ಮೇಲೂ ಸಿಗುವ ಪಾಚಿ, ಎಣಿಸುವಾಗ ಕಣ್ಣು ತಪ್ಪಿರಬೇಕು. ಇಂಚಿಗೆ ಇಷ್ಟು ಎಳೆ ಎಂದು ಹುಟ್ಟಿದಾಗಿನಿಂದ ಎಣಿಸುತ್ತಾ ಬಂದ ನೇಕಾರನಿಗೆ ಇಂಥ ಮಾತು. ಜೇಬೆಜ್ ಕಾಗದ ಮಡಿಚಿಟ್ಟು ಮಗ್ಗಕ್ಕೆ ಹೋಗಿ ಕೂತ.

ಅವತ್ತೇ ಹೇಳಬೇಕಿತ್ತು. ಅವನು ಆ ದಿನ ಊಟ ಮಾಡಲಿಲ್ಲ, ಹೆಸ್ತರಳ ನಾಲಿಗೆ ಏಳಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡಳು. ನಾಳೆ ನಾಳೆ ಎನ್ನುವುದರೊಳಗೆ ಗಿರಣಿಗಳಿಗೆ ನೀರು ಬೇಕೆಂದು ಕಣಿವೆಗೆ ಕಟ್ಟೆ ಕಟ್ಟಿ ಮುಗಿಸಿದರು. ಮುದುಕಿ ಬಂಡೆ ನಲವತ್ತು ಅಡಿ ನೀರಿನ ಕೆಳಗೆ ಹೋಯಿತು. ಇನ್ನು ಹೇಳುವುದೆಂದರೆ ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಆ ಚೂರನ್ನು ಬಿಸಾಡಲೂ ಆಗದೆ, ಮನೆಯಲ್ಲಿ ಯಾರೂ ಮುಟ್ಟದ, ಯಾರೂ ಒಗೆಯದ ವಸ್ತು ಯಾವುದೆಂದು ಯೋಚಿಸಿ, ಸಾವಿನ ಮನೆಗೆ ಹಾಕಿಕೊಂಡು ಹೋಗುವ ಕಪ್ಪು ಟೋಪಿಯ ಒಳಬಟ್ಟೆ ಬಿಚ್ಚಿ ಅದರೊಳಗಿಟ್ಟು ಹೊಲಿದಳು.

ಜೇಬೆಜ್ ಆಮೇಲೂ ಪಾಚಿ ತಂದ, ಹೆಸರು ಕೂಗಿದ, ಡಾಕ್ಟರಿಗೂ ಕಳಿಸಿದ. ಆದರೆ ಮೇಜಿನ ಮುಂದೆ ಹಲ್ಲು ಎಣಿಸುವ ಹೊತ್ತು ಬಂದರೆ ಭೂತಗನ್ನಡಿಯನ್ನು ಪಕ್ಕಕ್ಕೆ ಸರಿಸಿ, "ಎಲೈ, ನೀನೇ ಎಣಿಸು," ಎನ್ನುತ್ತಿದ್ದ. ಹತ್ತೊಂಬತ್ತು ವರ್ಷ.

*

ಹೋದ ಮಂಗಳವಾರ ಮಧ್ಯಾಹ್ನ, ಹಾಸಿಗೆ ಹಿಡಿದಿದ್ದ ಗಂಡನಿಗೆ ಗಂಜಿ ಕುಡಿಸುತ್ತಾ ಹೆಸ್ತರ್ ಎಲ್ಲವನ್ನೂ ಹೇಳಿಬಿಟ್ಟಳು. ಜೇಬೆಜ್ ಚಮಚವನ್ನು ತಳ್ಳಿ ಸೂರು ನೋಡಿದ. ಬಯ್ಯುತ್ತಾನೆ ಎಂದು ಕಾದಳು.

"ಹಂಗಾದ್ರೆ ಹದಿನಾರೇ," ಎಂದ.

"ನಂಗೇನು ಗೊತ್ತು. ನಾನು ಎಣಿಸ್ಲಿಲ್ಲ."

"ನಾನು ಎಣಿಸಿದ್ದೆ." ಅವನು ನಗತೊಡಗಿದ. ನಗು ಕೆಮ್ಮಾಗಿ, ಕೆಮ್ಮು ಮತ್ತೆ ನಗುವಾಯಿತು. "ಅಷ್ಟೊಂದು ಕೆಟ್ಟದಾಗಿತ್ತಾ ಅದು?"

"ಸೀದ ರೊಟ್ಟಿ ಥರ ಇತ್ತು."

"ಒಂದು ತೊಟ್ಟು ನೀರು ಹಾಕಿ ನೋಡ್ಬೇಕಿತ್ತು ಕಣೆ."

ಅವಳು ಕತ್ತರಿ ತರಲು ಎದ್ದಳು. ಅವನು ಸೆರಗಿನಂತೆ ಇಳಿಬಿದ್ದಿದ್ದ ಅವಳ ಶಾಲಿನ ತುದಿ ಹಿಡಿದ. "ಈಗ ಬೇಡ. ಈ ಕೆಮ್ಮಿಗೆ ಹಾರಿಹೋದೀತು. ಹೆಂಗೂ ನನ್ನ ಮಣ್ಣಿಗೆ ಅದನ್ನ ಹಾಕ್ಕೊಂಡೇ ಬರ್ತೀಯಲ್ಲ. ಆಮೇಲೆ ಮೇಜಿನ ಮೇಲಿಡು. ಎಲೈ ಎಣಿಸ್ಲಿ."

"ಅಷ್ಟು ಗಂಡಸರ ಮುಂದೆ ನಾನು ಮಾಡಿದ್ದು ಹೇಳ್ಬೇಕಾ?"

"ಬೇಡ ಅನ್ಸಿದ್ರೆ ಬೇಡ. ನಂಗೆ ಗೊತ್ತಾಯ್ತಲ್ಲ, ಸಾಕು."

ಗುರುವಾರ ಬೆಳಿಗ್ಗೆ ಹೋದ. ಸಾಕು ಎಂದು ಅವನು ಹೇಳಿ ಹೋದದ್ದಕ್ಕೇ ಅವಳಿಗೆ ಸಾಕಾಗಿರಲಿಲ್ಲ.

*

ಪಡಖಾನೆಯ ಕೆಳಗೆ ಹೆಂಗಸರು ಹಂದಿಮಾಂಸ ಕೊಯ್ಯುತ್ತಾ, ಕಪ್ಪು ಮೇಣದ ಮುದ್ರೆ ಒತ್ತಿದ ಕಾಗದದಲ್ಲಿ ಮಣ್ಣಿಗೆ ಬಂದವರಿಗೆ ಹಂಚುವ ಬಿಸ್ಕತ್ತು ಸುತ್ತುತ್ತಾ ಇದ್ದರು. ಮಹಡಿಯ ಮೇಲೆ ಗಂಡಸರು. ಸಂಘದ ಭಾನುವಾರವೂ ಆದ್ದರಿಂದ ಮೇಜಿನ ಮೇಲೆ ಗಿಡದ ರಾಶಿ ಬಿದ್ದಿತ್ತು. ಬಿಸಿನೀರಿನ ಕೆಟಲು ಒಯ್ಯುವುದಕ್ಕಲ್ಲದೆ ಹೆಂಗಸರು ಅಲ್ಲಿಗೆ ಹತ್ತುತ್ತಿರಲಿಲ್ಲ. ಹೆಸ್ತರ್ ಡಾರ್ಕಸಳ ಕೈಯಿಂದ ಕೆಟಲು ಕಿತ್ತುಕೊಂಡಳು. ಟೋಪಿಯನ್ನಾದರೂ ತೆಗೆಯೇ ಎಂದು ಡಾರ್ಕಸ್ ಹಿಂದಿನಿಂದ ಕೂಗಿದ್ದು ಅವಳಿಗೆ ಕೇಳಿಸಲಿಲ್ಲ.

ಅರ್ಧ ಮೆಟ್ಟಿಲು ಹತ್ತಿದವಳ ಕಾಲು ಅಲ್ಲೇ ನಿಂತಿತು. ಕೆಟಲು ಇಟ್ಟು ಕೆಳಗಿಳಿದರೆ ಯಾರೂ ಏನೂ ಕೇಳುವುದಿಲ್ಲ. ನಾಳೆಯಿಂದ ಜೇಬೆಜ್‌ನ ಹೆಂಡತಿಯಾಗಿಯೇ ಊರಲ್ಲಿ ತಲೆಯೆತ್ತಿ ಓಡಾಡಬಹುದು. ಹೇಳಿದರೆ, ಅವನ ಹೆಸರಿಗೆ ಮಸಿ ಬಳಿದವಳು ಇವಳೇ ಎಂದು ಮಕ್ಕಳೂ ಬೆರಳು ತೋರಿಸುತ್ತಾರೆ. ಒಳಗೆ ಡಾಕ್ಟರು ಮಾತಾಡುತ್ತಿದ್ದರು. ಜೇಬೆಜ್ ತಮಗೆ ನಾನೂರು ಪಾಚಿ ಕಳಿಸಿದ್ದನ್ನು, ತಮ್ಮ ಪುಸ್ತಕದ ಅರ್ಧ ಅವನ ಹೆಗಲ ಮೇಲೆ ನಿಂತಿರುವುದನ್ನು ಹೇಳಿದರು.

"ಅಷ್ಟರಲ್ಲಿ ಅವರು ತಪ್ಪಿದ್ದು ಒಂದೇ ಒಂದು ಸಲ," ಎಂದರು. "ಅದನ್ನೂ ಮರುಮಾತಿಲ್ಲದೆ ಒಪ್ಪಿಕೊಂಡ್ರು. ಅದು ದೊಡ್ಡತನ."

ಹೆಸ್ತರ್ ಒಳಗೆ ಬಂದು ಕೆಟಲನ್ನು ಮೇಜಿನ ಮೇಲಿಟ್ಟಳು.

"ಆ ಒಂದೂ ತಪ್ಪಿರ್ಲಿಲ್ಲ ಸ್ವಾಮಿ. ತಪ್ಪಿದ್ದು ನಾನು."

ದುಃಖಕ್ಕೆ ಹೀಗಾಡುತ್ತಿದ್ದಾಳೆಂದು ಎಲೈ ಎದ್ದು ತನ್ನ ಕುರ್ಚಿ ಸರಿಸಿದ. "ಕೂತ್ಕೋ ಅಕ್ಕ."

"ಕೂರಲ್ಲ. ನಿನ್ನ ಚಾಕು ಕೊಡು."

ಡಾರ್ಕಸ್ ಹಾಕಿದ ಗಂಟು ಬಿಚ್ಚುವಂಥದ್ದಾಗಿರಲಿಲ್ಲ. ಹೆಸ್ತರ್ ಲಾಡಿಯನ್ನೇ ಕೊಯ್ದಳು. ಟೋಪಿಯನ್ನು ಮಗುಚಿ ಒಳಬಟ್ಟೆಯ ಹೊಲಿಗೆಗೆ ಚಾಕು ಆಡಿಸುತ್ತಾ, ತಲೆ ಎತ್ತದೆ, ಕಂದು ಚೂರು, ಹಸಿರು ಚೂರು, ಅಂಚೆ, ಎಲ್ಲವನ್ನೂ ಹೇಳಿದಳು. ಹೇಳಿ ಮುಗಿಯುವುದಕ್ಕೂ ಪಾಚಿ ಒಂದು ಬಿಳಿ ತಟ್ಟೆಯೊಳಗೆ ಬೀಳುವುದಕ್ಕೂ ಸರಿಹೋಯಿತು. ಹಿಂದಿನ ಸಾಲಿನ ಒಬ್ಬ ನೇಕಾರ ಕೇಳಿದ:

"ಇದನ್ನ ಹತ್ತೊಂಬತ್ತು ವರ್ಷ ತಲೆ ಮೇಲೆ ಹೊತ್ಕೊಂಡು ತಿರುಗಿದ್ಯಾ? ನಮ್ಮಪ್ಪನ ಮಣ್ಣಿಗೂ ಬಂದಿತ್ತಾ ಇದು?"

"ನಿಮ್ಮಪ್ಪನ ಮಣ್ಣಿಗೂ ಬಂದಿತ್ತು."

ಯಾರೋ ನಕ್ಕರು, ಇನ್ನೊಬ್ಬರು ಅವರನ್ನು ಮೊಣಕೈಯಿಂದ ತಿವಿದರು. ಡಾಕ್ಟರು ನಗಲಿಲ್ಲ. ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಹೋದರು. ಚೂರಿನಲ್ಲಿ ಐದು ಕುಡಿಕೆ ಉಳಿದಿದ್ದವು. ತಮ್ಮ ಭೂತಗನ್ನಡಿಯಲ್ಲಿ ಒಂದನ್ನು ನೋಡಿದರು, ಎರಡನೆಯದನ್ನು ನೋಡಿದರು. ಆಮೇಲೆ ಸಂಖ್ಯೆ ಹೇಳದೆ ತಟ್ಟೆಯನ್ನು ಎಲೈಗೆ ಕೊಟ್ಟರು.

"ಮೊದ್ಲು ನೀವು ಎಣಿಸಿ. ಆಮೇಲೆ ನಾನು ಹೇಳ್ತೀನಿ."

ಎಲೈ ಜೇಬೆಜ್‌ನ ಭೂತಗನ್ನಡಿಯನ್ನೇ ತೆಗೆದುಕೊಂಡ. ಗಟ್ಟಿಯಾಗಿ ಎಣಿಸತೊಡಗಿದ. ಐದಕ್ಕೆ ಬರುವಷ್ಟರಲ್ಲಿ ನೇಕಾರರ ತುಟಿಗಳೂ ಅವನ ಜೊತೆ ಅಲ್ಲಾಡುತ್ತಿದ್ದವು. ಹದಿನಾಲ್ಕು, ಹದಿನೈದು, ಹದಿನಾರು. ಎಲೈ ನಿಲ್ಲಿಸಿದ. ಇನ್ನೊಂದು ಸುತ್ತು ಬಂದ.

"ಹದಿನಾರು."

"ನನಗೂ ಹದಿನಾರೇ," ಎಂದರು ಡಾಕ್ಟರು. "ಇಂಥದ್ದನ್ನ ನಾನು ಎಲ್ಲೂ ನೋಡಿಲ್ಲ." ಅವರು ಹೆಸ್ತರಳ ಕಡೆ ತಿರುಗಿದರು. "ತಾಯಿ, ನನಗೆ ಬಂದದ್ದನ್ನ ನಾನು ಸರಿಯಾಗಿ ಎಣಿಸಿದೆ. ಅಷ್ಟು ಬರೆದು ಸುಮ್ಮನಿರಬೇಕಿತ್ತು. ಕಣ್ಣು ತಪ್ಪಿರಬೇಕು ಅಂತ ಬರೆದದ್ದು ನನ್ನ ಕೈ. ಅದನ್ನ ನೀವು ಹೊರಬೇಕಾಗಿಲ್ಲ." ಆಮೇಲೆ, ಮುಂದಿನ ಪುಸ್ತಕದಲ್ಲಿ ಇದು ಜೇಬೆಜ್ ಇಟ್ಟ ಹೆಸರಿನಲ್ಲೇ, ಪಕ್ಕದಲ್ಲಿ ಅವನ ಹೆಸರಿನೊಂದಿಗೇ ಬರುತ್ತದೆ ಎಂದರು. ಆದರೆ ಅವನು ಇಟ್ಟ ಹೆಸರೇನೆಂದು ತಮಗೆ ಮರೆತುಹೋಗಿದೆ ಎಂದೂ ತಲೆ ತಗ್ಗಿಸಿ ಹೇಳಿದರು. ಹೆಸ್ತರಳಿಗೆ ಓದು ಬಾರದು, ಕಾಗದದ ಮೇಲಿದ್ದ ಹೆಸರು ಅವಳಿಗೂ ಗೊತ್ತಿರಲಿಲ್ಲ.

"ನಂಗೆ ಗೊತ್ತು," ಎಂದ ಎಲೈ. "ನಂಗೊಬ್ಬನಿಗೇ ಹೇಳಿದ್ದ. ಡಾಕ್ಟರು ಹೂಂ ಅನ್ನೋವರೆಗೂ ಕೂಗ್ಬೇಡ ಅಂದಿದ್ದ."

ಅವನು ಅಧ್ಯಕ್ಷರ ಜಾಗದಲ್ಲಿ ನಿಂತು, ತಟ್ಟೆಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ, ಗಂಟಲು ಸರಿ ಮಾಡಿಕೊಂಡ.

"ಟೆಕ್ಸ್ಟೋರಮ್," ಎಂದು ಕೂಗಿದ. ಆಮೇಲೆ ಮೆಲ್ಲಗೆ, "ಹಂಗಂದ್ರೆ ನೇಕಾರರದ್ದು. ನಮ್ಮದು," ಎಂದ.

ಅರವತ್ತು ಗಂಟಲು ಒಟ್ಟಿಗೆ ಎದ್ದವು. ಕಿಟಕಿಯ ಗಾಜು ಅದುರಿತು. ಉಣ್ಣೆ ಕೋಟಿನ ಮುದುಕರೂ ಎಲ್ಲರಂತೆ ಕತ್ತು ಚಾಚಿ ಕೂಗಿದರು. ಮೇಲೆ ಜಗಳ ಹತ್ತಿತೆಂದು ಡಾರ್ಕಸ್ ಮಾಂಸ ಕೊಯ್ಯುವ ಕತ್ತಿ ಹಿಡಿದೇ ಮೆಟ್ಟಿಲು ಹತ್ತಿ ಬಂದಳು. ಬಂದವಳು ಬರಿತಲೆಯಲ್ಲಿ ನಿಂತ ಅತ್ತಿಗೆಯನ್ನೂ ಕಿತ್ತುಹೋದ ಟೋಪಿಯನ್ನೂ ನೋಡಿ, ಕೊನೆಗೂ ಹೊಸದು ಹೊಲಿಸ್ತಾಳೆ ಅಂತಾಯ್ತು ಎಂದಳು.

ಹೆಸ್ತರ್ ತಟ್ಟೆಯಲ್ಲಿದ್ದ ಚೂರನ್ನು ಉಗುರಿನಿಂದ ಎರಡು ಮಾಡಿದಳು. ಮೂರು ಕುಡಿಕೆ ಇದ್ದ ಪಾಲನ್ನು ಮೇಜಿನ ಮೇಲೆ ಬಿದ್ದಿದ್ದ ಬಿಸ್ಕತ್ತಿನ ಕಾಗದದಲ್ಲಿ ಮಡಿಚಿ ಡಾಕ್ಟರ ಕೈಯಲ್ಲಿಟ್ಟಳು.

"ಹೋದ ಸಲ ಚೆನ್ನಾಗಿರೋದನ್ನ ಕಳಿಸಿದ್ದೆ. ಈ ಸಲ ಇದನ್ನ ತಗೊಂಡ್ಹೋಗಿ."

ಉಳಿದ ಪಾಲಿನ ಮೇಲೆ ಕೆಟಲು ಬಾಗಿಸಿ ಒಂದು ತೊಟ್ಟು ನೀರು ಬಿಟ್ಟಳು. ತಲೆಗಳೆಲ್ಲ ತಟ್ಟೆಯ ಮೇಲೆ ಬಗ್ಗಿದವು. ಸೀದ ರೊಟ್ಟಿಯಂಥ ಚೂರು ಮೊದಲು ಅಲ್ಲಾಡಿತು. ಮುದುಡಿದ ಒಂದೆಲೆ ಬಿಚ್ಚಿತು, ಅದರ ಹಿಂದೆ ಇನ್ನೊಂದು, ಆಮೇಲೆ ಎಣಿಸಲಾಗದಷ್ಟು. ಬಿಳಿ ತಟ್ಟೆಯ ನಡುವೆ, ನಲವತ್ತು ಅಡಿ ನೀರಿನ ಕೆಳಗಿದ್ದ ಬಂಡೆಯ ಹಸಿರು ಮೇಲೆದ್ದು ಬಂತು.