ಅಜ್ಜನ ಪಕ್ಷ

“ಚಾಲಕ ಸಿಗಲಿಲ್ಲ ಅಂತಿದೆ ನೋಡಮ್ಮಾ! ನಾನೇನು ಸತ್ತೋಗಿದೀನಾ? ಇಲ್ಲೇ ಕೂತಿದೀನಲ್ಲ!”

ನಾಲ್ಕನೇ ಕಂಪ್ಯೂಟರಿನ ಮುಂದೆ ಕೂತಿದ್ದ ನಿವೃತ್ತ ಬಸ್ ಡ್ರೈವರು ಎರಡೂ ಕೈ ಎತ್ತಿ ತೋರಿಸಿದರು. ಮೂವತ್ತೊಂದು ವರ್ಷ ಸ್ಟಿಯರಿಂಗ್ ಹಿಡಿದ ಕೈಗಳು. ಮೌಸನ್ನೂ ಅವರು ಬೆರಳಿನಿಂದ ಅಲ್ಲ, ಇಡೀ ತೋಳಿನಿಂದ ತಿರುಗಿಸುತ್ತಿದ್ದರು. ಲೈಬ್ರರಿ ಅಕ್ಕ ಹತ್ತಿರ ಬಂದು ಬಗ್ಗಿ ನೋಡಿ ನಕ್ಕುಬಿಟ್ಟಳು.

“ಅದು ನಿಮಗೆ ಹೇಳಿದ್ದಲ್ಲ ಸಾಹೇಬ್ರೇ. ನೆಟ್‌ವರ್ಕ್ ಕಾರ್ಡನ್ನ ನಡೆಸೋ ಸಣ್ಣ ಪ್ರೋಗ್ರಾಮಿಗೂ ಡ್ರೈವರ್ ಅಂತಾರೆ. ಯಾರೋ ಪುಣ್ಯಾತ್ಮರು ಅದನ್ನ ಚಾಲಕ ಅಂತ ಕನ್ನಡ ಮಾಡಿದಾರೆ.”

“ಪುಣ್ಯಾತ್ಮರಿಗೆ ಹೇಳು, ಚಾಲಕ ರಿಟೈರಾಗಿದಾನೆ, ಅದಕ್ಕೇ ಸಿಗ್ತಿಲ್ಲ ಅಂತ.”

ಅಕ್ಕ ಪೆನ್‌ಡ್ರೈವ್ ಕಿತ್ತು ಜೇಬಿಗೆ ಹಾಕಿಕೊಂಡಳು. ಕೈಯಲ್ಲಿದ್ದ ಚೀಟಿಯ ಮೊದಲನೇ ಹೆಸರಿನ ಮೇಲೆ ಗೀಟು ಬಿತ್ತು. ಅಂದು ಬುಧವಾರ. ಉಳಿದಿದ್ದು ಮೂರು ದಿನ.

ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಆರು ಹಳೇ ಕಂಪ್ಯೂಟರುಗಳಿದ್ದವು. ಅವುಗಳಲ್ಲಿ ಇಷ್ಟು ವರ್ಷ ಓಡುತ್ತಿದ್ದುದು ‘ಗುಬ್ಬಚ್ಚಿ’ ಎಂಬ ಪುಟ್ಟ ಲಿನಕ್ಸ್, ಕಂಪ್ಯೂಟರನ್ನು ನಡೆಸುವ ಪುಕ್ಕಟೆ ತಂತ್ರಾಂಶ. ಎಲ್ಲೆಲ್ಲೋ ಕೂತ ಏಳೆಂಟು ಜನ ಬಿಡುವಿನ ಹೊತ್ತಿನಲ್ಲಿ ಕಟ್ಟಿದ್ದು. ಹೋದ ತಿಂಗಳು ಅವರಿಂದ ಪತ್ರ ಬಂತು: ನಮಗೂ ವಯಸ್ಸಾಯಿತು, ಕೈ ಸಾಲುತ್ತಿಲ್ಲ, ಇನ್ನು ಹೊಸ ಆವೃತ್ತಿಯೂ ಇಲ್ಲ, ರಿಪೇರಿಯೂ ಇಲ್ಲ, ಕ್ಷಮಿಸಿ. ಸಮಿತಿಯ ಕಾರ್ಯದರ್ಶಿಗೆ ಇಷ್ಟೇ ಸಾಕಾಯಿತು. “ಭದ್ರತೆ ಇಲ್ಲದ ಯಂತ್ರಕ್ಕೆ ನೆಟ್ ಕೊಡಕ್ಕಾಗಲ್ಲ. ಶನಿವಾರದೊಳಗೆ ಬೇರೆ ಯಾವುದಾದ್ರೂ ಹಾಕಿ. ಆಗಲಿಲ್ವಾ, ಗುಜರಿಗೆ ಕಳಿಸಿ, ಆ ಕೋಣೇಲಿ ಹಳೇ ಪೇಪರ್ ಬೈಂಡು ಜೋಡಿಸೋಣ” ಎಂದಿದ್ದರು. ಬೈಂಡುಗಳ ಮೇಲೆ ಅವರಿಗೆ ಮೊದಲಿಂದಲೂ ಒಲವು. ಅವು ಪ್ರಶ್ನೆ ಕೇಳುವುದಿಲ್ಲ.

“ಅಲ್ಲಮ್ಮಾ, ಎಲ್ಲಾ ಲಿನಕ್ಸೇ ಅಂತೀಯ. ಮತ್ತೆ ಇದೊಂದು, ಅದೊಂದು ಅಂತ ಯಾಕೆ ಪರೀಕ್ಷೆ?” ಡ್ರೈವರು ಕೇಳಿದರು. ಅವರಿಗೂ ಇದರಲ್ಲಿ ಪಾಲಿತ್ತು. ಆರು ತಿಂಗಳಿಂದ ಅದೇ ಕುರ್ಚಿಯಲ್ಲಿ ಕೂತು ತಾವು ಓಡಿಸಿದ ರೂಟುಗಳ ನೆನಪು ಬರೆಯುತ್ತಿದ್ದರು. ಬರವಣಿಗೆ ಇನ್ನೂ ಎರಡನೇ ರೂಟಿನಲ್ಲೇ ಇತ್ತು.

“ಬಸ್ಸಿನ ಚಾಸಿ ಎಲ್ಲಿಂದ ಬರ್ತಿತ್ತು ನಿಮಗೆ?”

“ಕಂಪನಿಯಿಂದ. ಬರೀ ಎಂಜಿನ್ನು, ಚಕ್ರ, ಒಂದು ಸೀಟು. ಗಾಳಿಗೆ ಮುಖ ಕೊಟ್ಕೊಂಡು ಓಡಿಸ್ಕೊಂಡು ಬರೋದು. ಬಾಡಿ ಕಟ್ಟೋ ಶೆಡ್ಡೇ ಬೇರೆ.”

“ಇಲ್ಲೂ ಅಷ್ಟೇ. ಲಿನಕ್ಸ್ ಅನ್ನೋದು ಚಾಸಿ. ಸೀಟು, ಕಿಟಕಿ, ಬಣ್ಣ, ಬೋರ್ಡು ಹಾಕಿ ಜನ ಕೂರೋ ಹಾಗೆ ಮಾಡೋದು ಒಂದೊಂದು ಶೆಡ್ಡು. ಗುಬ್ಬಚ್ಚಿ ಒಂದು ಶೆಡ್ಡು. ಅದೀಗ ಬಾಗಿಲು ಹಾಕ್ತು.”

“ಹಾಗೆ ಹೇಳು!” ಎಂದರು ಡ್ರೈವರು. “ಹಾಗಾದ್ರೆ ಬಣ್ಣ ನೋಡ್ಬೇಡ. ಹತ್ತು ವರ್ಷ ಆದ್ಮೇಲೆ ಯಾವ ಶೆಡ್ಡಿಂದು ಗಡಗಡ ಅನ್ನಲ್ವೋ ಅದನ್ನ ಹಿಡಿ.”

ಅಕ್ಕನಿಗೆ ನಗು ಅರ್ಧಕ್ಕೇ ನಿಂತಿತು. ಇದೇ ಮಾತನ್ನು ಇಪ್ಪತ್ತು ವರ್ಷದ ಹಿಂದೆ ಅವಳ ಅಣ್ಣ ಹೇಳಿದ್ದ.

ಚೀಟಿಯಲ್ಲಿದ್ದ ಹೆಸರುಗಳು ಆ ಲಿನಕ್ಸುಗಳ ನಿಜ ಹೆಸರಲ್ಲ. ಅಣ್ಣ ಇಟ್ಟ ಅಡ್ಡಹೆಸರುಗಳು. ಆರು ತಿಂಗಳಿಗೊಮ್ಮೆ ಹೊಸ ಬಟ್ಟೆ ತೊಟ್ಟು ಬರುತ್ತಿದ್ದುದಕ್ಕೆ ‘ಮದುಮಗ’; ಈಗ ಗೀಟು ಬಿದ್ದದ್ದು ಅದಕ್ಕೇ. ಯಾವ ಮನೆಗೆ ಹೋದರೂ ಹೊಂದಿಕೊಳ್ಳುವುದಕ್ಕೆ ‘ಸೊಸೆ’. ಒಗ್ಗರಣೆಯಿಂದ ಹಿಡಿದು ಎಲ್ಲವನ್ನೂ ನೀವೇ ಮಾಡಿಕೊಳ್ಳಿ ಎನ್ನುವ ಇನ್ನೊಂದಕ್ಕೆ ‘ಸ್ವಯಂಪಾಕಿ’. ಅದು ಲೈಬ್ರರಿಗೆ ಆಗುವಂಥದ್ದಲ್ಲ, ಚೀಟಿಗೇ ಬರಲಿಲ್ಲ. ಇನ್ನು ನಿಧಾನವಾಗಿ ನಡೆಯುವ, ಹೊಸದನ್ನು ಕಂಡರೆ ಎರಡು ವರ್ಷ ಯೋಚಿಸುವ, ಆದರೆ ಎಂದೂ ಮುಗ್ಗರಿಸದ ದೊಡ್ಡದಕ್ಕೆ ‘ಅಜ್ಜ’. ಚೀಟಿಯ ಕೊನೆಯಲ್ಲಿ ಅಜ್ಜನ ಹೆಸರನ್ನು ಅಕ್ಕ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದಳು, ಬೇಕಾದರೆ ಅಳಿಸಲಿಕ್ಕೆ ಸುಲಭವಾಗಲಿ ಎಂದು.

ಎಂಥ ಭಾನುವಾರಗಳವು! ಊಟವಾದ ಮೇಲೆ ಮೇಜು ಒರೆಸಿ, ಅದರ ಮೇಲೆ ಗುಂಡುಕಲ್ಲಿನಷ್ಟು ಭಾರದ ಮಾನಿಟರನ್ನು ಅಣ್ಣ ತಂಗಿ ಇಬ್ಬರೂ ಸೇರಿ ಹೊತ್ತು ತಂದಿಡುತ್ತಿದ್ದರು. ಪತ್ರಿಕೆಗಳ ಜೊತೆ ಪುಕ್ಕಟೆ ಬರುತ್ತಿದ್ದ ಸೀಡಿಗಳಿಂದ ಒಂದೊಂದೇ ಲಿನಕ್ಸ್ ಹಾಕಿ ನೋಡುವುದು, ತೆಗೆಯುವುದು. ಕೊನೆಗೆ ಗುಬ್ಬಚ್ಚಿಯ ಮೇಲೆ ಇಬ್ಬರಿಗೂ ಮನಸ್ಸಾಗಿ, ಅದರ ಮೆನುಗಳನ್ನೆಲ್ಲ ಕನ್ನಡಕ್ಕೆ ತರಲು ಕೂತರು. ಅಣ್ಣ ಮುದ್ರಣಾಲಯದಲ್ಲಿ ಪ್ರೂಫ್ ನೋಡುವವನು. ಹೋಟೆಲಿಗೆ ಹೋದರೆ ತಿಂಡಿಯ ಪಟ್ಟಿಯನ್ನು ಕೆಂಪು ಪೆನ್ನಿನಿಂದ ತಿದ್ದಿಯೇ ಆರ್ಡರ್ ಕೊಡುತ್ತಿದ್ದ ಆಸಾಮಿ. ಪಕ್ಕದಲ್ಲಿ ಹುರುಳಿಕಾಯಿ ಮುರಿಯುತ್ತ ಕೂರುತ್ತಿದ್ದ ಅಮ್ಮನೇ ತೀರ್ಪುಗಾರ್ತಿ.

“ಅಮ್ಮಾ, ‘ನಿಷ್ಕ್ರಿಯಗೊಳಿಸು’ ಅಂದ್ರೆ ಏನು ತಿಳೀತು?”

“ಯಾರಿಗೋ ಮೈಗೆ ಹುಷಾರಿಲ್ಲ ಅಂತ ತಿಳೀತು.”

ಅಣ್ಣ ಮುಖ ಸಿಂಡರಿಸಿಕೊಂಡು ಅದನ್ನು ಹೊಡೆದು ‘ನಿಲ್ಲಿಸು’ ಎಂದು ಬರೆಯುತ್ತಿದ್ದ. ಮೂವರೂ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ಆಮೇಲಿನ ಬದುಕಿನಲ್ಲಿ ಅಕ್ಕ ಅಷ್ಟು ನಕ್ಕಿದ್ದು ಕಡಿಮೆ.

ಜಗಳ ಬಂದದ್ದು ಒಂದೇ ಒಂದು ಗುಂಡಿಗೆ. ಕೆಲಸ ಮುಗಿಸಿ ಕಂಪ್ಯೂಟರಿನಿಂದ ಹೊರಬೀಳುವಾಗ ಒತ್ತುವ ಗುಂಡಿ. ಅಣ್ಣ ‘ನಿರ್ಗಮಿಸಿ’ ಎಂದ. ಅವಳು ‘ಹೋಗಿ ಬನ್ನಿ’ ಎಂದಳು.

“ಯಂತ್ರ ಏನು ಬಾಗಿಲಲ್ಲಿ ನಿಂತಿರೋ ಚಿಕ್ಕಮ್ಮನಾ, ಹೋಗಿ ಬನ್ನಿ ಅನ್ನಕ್ಕೆ?”

“ನಿರ್ಗಮಿಸಿ ಅನ್ನಕ್ಕೆ ಅದೇನು ನಾಟಕದ ಸೂತ್ರಧಾರನಾ?”

ಎರಡು ಭಾನುವಾರ ಇದೇ ಆಯಿತು. “ಎರಡೂ ಸರಿ, ಮೊದಲು ತಟ್ಟೆ ತೊಳೀರಿ” ಎಂದು ಅಮ್ಮ ಜಾರಿಕೊಂಡಳು. ಕಡೆಗೆ ಅಕ್ಕ ಸುಮ್ಮನಾದಳು, ಅಣ್ಣನ ಮಾತೇ ಉಳಿಯಿತು ಎಂದುಕೊಂಡರು ಎಲ್ಲರೂ. ಆದರೆ ಅನುವಾದದ ಕಡತವನ್ನು ಗುಬ್ಬಚ್ಚಿಯವರಿಗೆ ಕಳಿಸುವ ಕೆಲಸ ಅವಳದು; ಆಗಷ್ಟೇ ಸೇರಿದ್ದ ಲೈಬ್ರರಿಯಲ್ಲಿ ನೆಟ್ ಇತ್ತು. ಕಳಿಸುವ ಮುಂಚೆ ಆ ಒಂದು ಸಾಲನ್ನು ಸದ್ದಿಲ್ಲದೆ ಬದಲಿಸಿದಳು. ತಮಾಷೆ ಎಂದುಕೊಂಡಿದ್ದಳು. ಮೂರು ತಿಂಗಳಾದ ಮೇಲೆ ಹೊಸ ಆವೃತ್ತಿ ಬಂದಾಗ ಅಣ್ಣ ನೋಡಿದ.

“ನನ್ನ ಹೆಸರಿನ ಕೆಳಗೆ ನಾನು ನೋಡದೇ ಇರೋ ಪದ ಹೋಯ್ತಲ್ಲೇ” ಎಂದ. ಕೂಗಲೂ ಇಲ್ಲ.

ತಪ್ಪಾಯಿತು ಎನ್ನಬಹುದಿತ್ತು. ಅವಳು ಅಂದಿದ್ದು, “ಒಂದು ಪದಕ್ಕೆ ಎಷ್ಟು ಆಡ್ತೀಯಣ್ಣ!”

ಅಣ್ಣ ಗುಬ್ಬಚ್ಚಿಯನ್ನು ಬಿಟ್ಟು ಅಜ್ಜನನ್ನು ಕನ್ನಡ ಮಾಡುವವರ ಕಡೆಗೆ ಹೋದ. ಅಲ್ಲಿ ಒಂದು ಸಾಲು ಬದಲಾಗಬೇಕಾದರೂ ಮೂರು ಜನ ನೋಡಬೇಕಂತೆ. ಅದೇ ವರ್ಷ ಬೇರೆ ಊರಿನ ಮುದ್ರಣಾಲಯದಲ್ಲಿ ಕೆಲಸವೂ ಸಿಕ್ಕಿತು. ಹೊರಟ ದಿನ ಅಮ್ಮನಿಗೆ “ಹೋಗ್ಬರ್ತೀನಮ್ಮಾ” ಎಂದವನು ತಂಗಿಯ ಕಡೆ ತಿರುಗಿ “ಹೋಗ್ತೀನಿ” ಎಂದ. ಅಷ್ಟೇ. ಮನೆಯಿಂದ ಹೊರಡುವವರು ಆಡದ ಮಾತು ಅದು. ಮುದ್ರಣಾಲಯದಲ್ಲಿ ಅಲ್ಪವಿರಾಮಕ್ಕೂ ಅರ್ಧ ಗಂಟೆ ವಾದಿಸುವವನು, ತಿಳಿಯದೆ ಆಡಿರಲಾರ. ಹದಿನೇಳು ವರ್ಷದಿಂದ ಅದು ಅವಳ ಕಿವಿಯಲ್ಲಿ ಹಾಗೇ ಇತ್ತು. ಒಂಬತ್ತು ವರ್ಷದ ಹಿಂದೆ ಅಮ್ಮ ತೀರಿಕೊಂಡಾಗ ಬಂದ. ಕಾಗದ ಪತ್ರ, ಸಹಿ ಎಂದು ಎಷ್ಟು ಬೇಕೋ ಅಷ್ಟು ಮಾತಾಡಿ ಹೋದ. ಆಮೇಲೆ ಅದೂ ಇಲ್ಲ. ಆರು ಕಂಪ್ಯೂಟರುಗಳಲ್ಲಿ ಹಟ ಹಿಡಿದು ಅವಳು ಗುಬ್ಬಚ್ಚಿಯನ್ನೇ ಸಾಕಿದ್ದಕ್ಕೆ ಕಾರಣ ಇದು, ಬೇರೇನೂ ಅಲ್ಲ. ಈಗ ಅಜ್ಜನನ್ನು ತಂದು ಕೂರಿಸುವುದೆಂದರೆ ಅಣ್ಣನೇ ಸರಿ ಎಂದು ಒಪ್ಪಿಕೊಂಡ ಹಾಗೆ. ಒಪ್ಪಿಕೊಂಡರೂ ಕೇಳಿಸಿಕೊಳ್ಳಲು ಅವನೆಲ್ಲಿದ್ದ?

ಗುರುವಾರ ಸೊಸೆಯ ಸರದಿ. ನೆಟ್ ಬಂತು, ಪ್ರಿಂಟರ್ ಬಂತು, ಎಲ್ಲವೂ ನಗುನಗುತ್ತ ನಡೆಯಿತು. ಕನ್ನಡ ಮಾತ್ರ ಅರ್ಧಂಬರ್ಧ: ಒಂದು ಸಾಲು ಕನ್ನಡ, ಅದರ ಕೆಳಗಿನದು ಇಂಗ್ಲಿಷ್. “ಇದು ಬೋರ್ಡು ಅರ್ಧ ಬರೆದ ಬಸ್ಸು. ಜನ ಎಲ್ಲಿಗೆ ಅಂತ ಹತ್ತಬೇಕು?” ಎಂದರು ಡ್ರೈವರು. ಅಕ್ಕ ಕೇಳಿಸದವಳ ಹಾಗೆ ಸೊಸೆಯ ಮುಂದೆ ಸರಿ ಗುರುತು ಹಾಕಿದಳು.

“ಕೊನೇದು ನೋಡಲ್ವಾ?”

“ಅದು ಬೇಡ.”

“ಯಾಕೆ, ಗಡಗಡ ಅನ್ನುತ್ತಾ?”

“ಇಲ್ಲ. ಅದು ನಮ್ಮ ಅಣ್ಣಂದು.”

ಡ್ರೈವರು ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿಕೊಂಡರು. “ಅಣ್ಣನ ಮೇಲಿನ ಸಿಟ್ಟಿಗೆ ನಮ್ಮನ್ನ ಅರ್ಧ ದಾರೀಲಿ ಇಳಿಸ್ತೀಯಾ ತಾಯಿ? ಟ್ರಯಲ್ ನೋಡಕ್ಕೆ ಏನು? ನಾನೇ ಕೂರ್ತೀನಿ, ನೀನು ದೂರ ನಿಂತ್ಕೊ.”

ಶುಕ್ರವಾರ ಮಧ್ಯಾಹ್ನ ಅವಳು ಅಜ್ಜನನ್ನು ಹಾಕಿಕೊಟ್ಟು ನಿಜವಾಗಿಯೂ ದೂರ ನಿಂತಳು. ಪುಸ್ತಕಗಳ ಬೆನ್ನು ಸರಿಮಾಡುವ ನೆಪ. ಡ್ರೈವರು ಮಾತ್ರ ರೂಟಿನಲ್ಲಿ ಒಂದೊಂದೇ ಸ್ಟಾಪು ಕೂಗಿದ ಹಾಗೆ ಕೂಗಿ ಹೇಳುತ್ತಿದ್ದರು. ನೆಟ್ ಬಂತು. ಪ್ರಿಂಟರ್ ಬಂತು. ಅಕ್ಷರ ದಪ್ಪಗಿದೆ, ಕಣ್ಣಿಗೆ ಹಿತ. ಕನ್ನಡ ಪೂರ್ತಿ ಇದೆ, ಒಂದೂ ಬಿಟ್ಟಿಲ್ಲ. ‘ನಿಷ್ಕ್ರಿಯ’ ಎಲ್ಲೂ ಇಲ್ಲ ಎಂಬುದನ್ನು ಅಕ್ಕನೇ ದೂರದಿಂದ ಕತ್ತು ಉದ್ದ ಮಾಡಿ ಗಮನಿಸಿದಳು. ಸ್ವಲ್ಪ ಹೊತ್ತು ಬಿಟ್ಟು ಅವರ ದನಿ ಬದಲಾಯಿತು.

“ಇಲ್ಲಿ ಬಾರಮ್ಮ. ಇಳಿಯೋಣ ಅಂತ ಹೋದ್ರೆ ಇದು ನನ್ನ ಬಾಯಲ್ಲೇ ಮಾತಾಡ್ತಿದೆ.”

ತೆರೆಯ ನಡುವೆ ಪುಟ್ಟ ಚೌಕ. ‘ಹೊರಟಿರಾ?’ ಎಂಬ ಪ್ರಶ್ನೆ. ಕೆಳಗೆ ಎರಡು ಗುಂಡಿಗಳು. ಒಂದರ ಮೇಲೆ ‘ಇನ್ನೂ ಸ್ವಲ್ಪ ಕೂರುತ್ತೇನೆ’. ಇನ್ನೊಂದರ ಮೇಲೆ ‘ಹೋಗಿ ಬರುತ್ತೇನೆ’.

ಅಕ್ಕ ಕುರ್ಚಿಯ ಬೆನ್ನು ಹಿಡಿದುಕೊಂಡಳು. “ಚೆನ್ನಾಗಿದೆ ಅಲ್ವಾ?” ಎಂದರು ಡ್ರೈವರು. ಅವರು ಗುಂಡಿ ಒತ್ತಿ, ಅದನ್ನೇ ಬಾಯಲ್ಲೂ ಹೇಳಿ, ಕೊಡೆ ತೆಗೆದುಕೊಂಡು ಹೊರಟರು.

ಅವರು ಹೋದ ಮೇಲೆ ಅವಳು ಅಜ್ಜನ ಅನುವಾದದ ಕಡತವನ್ನು ತನ್ನ ಮೇಜಿನ ಕಂಪ್ಯೂಟರಿಗೆ ಇಳಿಸಿಕೊಂಡಳು. ಹಳೆಯ ಕ್ರಮವೇ: ಮೇಲೆ ಇಂಗ್ಲಿಷ್ ಸಾಲು, ಕೆಳಗೆ ಕನ್ನಡ ಸಾಲು. ಅಲ್ಲಲ್ಲಿ ಅನುವಾದ ಮಾಡುವವರು ತಮ್ಮತಮ್ಮಲ್ಲಿ ಬರೆದುಕೊಳ್ಳುವ ಟಿಪ್ಪಣಿಗಳು. ಅವು ತೆರೆಯ ಮೇಲೆ ಬರುವುದಿಲ್ಲ, ಬಳಸುವವರಿಗೆ ಅವು ಇರುವುದೇ ಗೊತ್ತಿರುವುದಿಲ್ಲ. ಹುಡುಕಿದ ಸಾಲು ಸಿಕ್ಕಿತು. ಅದರ ಮೇಲೆ ಟಿಪ್ಪಣಿಯೊಂದಿತ್ತು. ಅಮ್ಮ ಹೋದ ಮರುತಿಂಗಳ ತಾರೀಖು.

‘ಈ ಪದ ನನ್ನ ತಂಗಿಯದು. ಗುಂಡಿ ಒತ್ತುವುದು ಯಂತ್ರವಲ್ಲ, ಮನುಷ್ಯ. ಆದ್ದರಿಂದ ‘ಬನ್ನಿ’ ಆಗದು, ‘ಬರುತ್ತೇನೆ’ ಆಗಬೇಕು. ಅವಳನ್ನು ಕೇಳದೆ ತಿದ್ದಿದ್ದೇನೆ. ಮುಂದೆ ಯಾರೂ ಬದಲಾಯಿಸಬೇಡಿ.’

ಅಕ್ಕ ಅದನ್ನು ಮೂರು ಸಲ ಓದಿದಳು. ಮೂರನೇ ಸಲ ಅಕ್ಷರಗಳು ಕಲಸಿಕೊಂಡವು. ಒಂಬತ್ತು ವರ್ಷ! ಅಷ್ಟು ವರ್ಷ ಆ ಮಾತು ಅಲ್ಲೇ ಬಿದ್ದಿತ್ತು, ಯಾರು ಬೇಕಾದರೂ ಓದಬಹುದಾದ ಜಾಗದಲ್ಲಿ. ಅವಳೊಬ್ಬಳನ್ನು ಬಿಟ್ಟು, ಏಕೆಂದರೆ ಅವಳು ಅಜ್ಜನ ಮುಖ ನೋಡುವುದಿಲ್ಲ ಎಂದು ಪಟ್ಟು ಹಿಡಿದು ಕೂತಿದ್ದಳು. ತನ್ನ ಮೇಲೆ ತನಗೇ ಕೋಪ ಬಂತು, ಅದರ ಹಿಂದೆಯೇ ಅಳು. ವ್ಯಾಕರಣ ಸರಿಯಾಗಿದೆ ಎಂಬುದೂ ಹೊಳೆಯಿತು. ಹಾಳಾದವನು, ಅದರಲ್ಲೂ ಅವನದೇ ಸರಿ.

ಚೀಟಿಯಲ್ಲಿ ಸೊಸೆಯ ಮುಂದಿದ್ದ ಗುರುತನ್ನು ಹೊಡೆದುಹಾಕಿ, ಅಜ್ಜನ ಪೆನ್ಸಿಲಿನ ಹೆಸರನ್ನು ಪೆನ್ನಿನಿಂದ ತಿದ್ದಿ, ಪಕ್ಕದಲ್ಲಿ ನಿಜ ಹೆಸರನ್ನೂ ಬರೆದು ಕಾರ್ಯದರ್ಶಿಯ ಮೇಜಿನ ಮೇಲೆ ಇಟ್ಟು ಬಂದಳು. ಆಮೇಲೆ ಫೋನು ಕೈಗೆತ್ತಿಕೊಂಡಳು. ಏನೆಂದು ಹೇಳುವುದು? ‘ಓದಿದೆ’ ಎಂದರೆ ಅವನಿಗೆ ಮುಜುಗರ. ‘ತಪ್ಪಾಯ್ತು’ ಎಂದರೆ ಹದಿನೇಳು ವರ್ಷ ತಡವಾಗಿ ಬಂದ ಮಾತು. ‘ಹೇಗಿದ್ದೀಯಾ’ ಎಂದರೆ ‘ಹೀಗಿದ್ದೀನಿ’ ಎಂದು ಮುಗಿಸಿಬಿಡುತ್ತಾನೆ. ಕಡತದಲ್ಲಿ ಸುಮ್ಮನೆ ಮೇಲೆ ಕೆಳಗೆ ಓಡಾಡುತ್ತಿದ್ದ ಕಣ್ಣು ಒಂದು ಕಡೆ ನಿಂತಿತು. ಮತ್ತೊಮ್ಮೆ ನೋಡಿದಳು. ಹೌದು. ಅನುಮಾನವೇ ಇಲ್ಲ. ತಡಮಾಡದೆ ನಂಬರು ಒತ್ತಿದಳು.

ಐದು ಸಲ ರಿಂಗಾಯಿತು.

“ಹಲೋ?” ದನಿ ಸ್ವಲ್ಪ ಮುದಿಯಾಗಿತ್ತು.

“ಅಣ್ಣ, ನಾನು. ಅಜ್ಜನ ಕಡತದಲ್ಲಿ ಒಂದು ತಪ್ಪು ಸಿಕ್ಕಿದೆ.”

ಅವಳು ತೆರೆಯ ಮೇಲಿನ ಸಾಲಿಗೆ ಬೆರಳಿಟ್ಟುಕೊಂಡಳು.

“ಯಾವ ಸಾಲು?”

“ನಾನೂರ ಹನ್ನೆರಡು. ‘ಸಂಪರ್ಕ ಕಡಿತಗೊಂಡಿದೆ’ ಅನ್ನೋದ್ರಲ್ಲಿ ಗೊ ಬದಲು ಗೂ ಬಿದ್ದಿದೆ.”

“ಸಾಧ್ಯವೇ ಇಲ್ಲ. ನಾಲ್ಕು ಸಲ ನೋಡಿದೀನಿ ಅದನ್ನ.”

“ಐದನೇ ಸಲ ನೋಡು.”

“ನಾನೂರ ಹನ್ನೆರಡಾ... ತಡಿ, ತಡಿ. ಕನ್ನಡಕ ಎಲ್ಲಿಟ್ನೋ.” ಕುರ್ಚಿ ಸರಿದ ಸದ್ದಾಯಿತು. ಆಮೇಲೆ ದೂರ ಹೋದ ದನಿ ಮತ್ತೆ ಹತ್ತಿರ ಬಂತು. “ಫೋನ್ ಇಡ್ಬೇಡ ಕಣೇ.”

“ಇಡಲ್ಲ.”

ಅವನು ಫೋನನ್ನು ಮೇಜಿನ ಮೇಲಿಟ್ಟದ್ದು ಕೇಳಿಸಿತು. ಒಂದು ಡ್ರಾಯರು ಎಳೆದು ಮುಚ್ಚಿದ ಸದ್ದು, ಇನ್ನೊಂದು ಎಳೆದ ಸದ್ದು, ಪೇಪರುಗಳನ್ನು ಎತ್ತಿಹಾಕಿದ ಸದ್ದು. ಅಕ್ಕ ಫೋನನ್ನು ಕಿವಿಗೆ ಇನ್ನೂ ಒತ್ತಿ ಹಿಡಿದುಕೊಂಡು ಕಾಯುತ್ತ ಕೂತಳು.