ಹೊಲದ ಪಾಲು

ಪೊಲೀಸ್ ಕಾರ್ಯಾಚರಣೆಗೆ ಮೊದಲಿನ ಚಳಿಗಾಲ. ನಿಜಾಮ ರಾಜ್ಯದ ಶುಕ್ರವಾರದ ರಜೆಯೆಂದು ಸಂತಪುರದ ಅನುಸೂಯಾಬಾಯಿ ಮಗಳು ಪ್ರಮಿಲೆಯೊಡನೆ ಸೀತನಿ ತಿನ್ನಲು ಹೊಲಕ್ಕೆ ಬಂದಿದ್ದಳು. ಎಳೆ ಜೋಳದ ತೆನೆ ಸುಡುವುದು ನೆಪ. ರಜಾಕಾರರಿಂದ ತಪ್ಪಿಸಿಕೊಂಡು ಜೋಳದೊಳಗೆ ಅಡಗಿದ್ದ ಮೈದುನ ಮಡೆಪ್ಪನಿಗೆ ಬುತ್ತಿ ಮುಟ್ಟಿಸಬೇಕಿತ್ತು.

ಸಗಣಿ ಕುಳ್ಳಿನ ಹೊಗೆ ಕಂಡು ಕುದುರೆ ಏರಿದ ರಜಾಕಾರನೊಬ್ಬ ಬಂದೇಬಿಟ್ಟ.

“ಹೊಗಿ ಯಾಕ?”

“ಸೀತನಿ ರೀ ಸಾಹೇಬ್ರ. ಕೂಡ್ರಿ, ತಿನ್ರಿ.”

ಅವನು ಬಂದೂಕನ್ನು ತೊಡೆಯ ಮೇಲಿಟ್ಟು ಕುಳಿತ. ಅಷ್ಟರಲ್ಲಿ ಪ್ರಮಿಲೆ ಶೇಂಗಾದ ಖಾರದ ಹಿಂಡಿ ಪುಡಿ ಕಲಸಿದ ಬಿಸಿ ಕಾಳು ಹಿಡಿದು ಜೋಳದತ್ತ ನಡೆದಳು.

“ಎಲ್ಲಿಗ ಹೊಂಟಿ?”

ಹುಡುಗಿ ಬಾಯಿ ತೆರೆಯುವ ಮೊದಲೇ ಅನುಸೂಯಾಬಾಯಿ ಕಾಳನ್ನು ಕಸಿದು ಬೆಳೆಯೊಳಕ್ಕೆ ಎರಚಿದಳು. “ಮೊದಲ ಹಿಡಿ ಹೊಲದ ಪಾಲು ರೀ.”

ಅವನು ನಕ್ಕ. “ಬಾಯಿ, ನಾನೂ ಒಕ್ಕಲತನದಾಂವನ. ಹೊಲಕ್ಕ ಬರೇ ಕಾಳು ಒಗೀತಾರ. ಹಿಂಡಿ ಕಲಸಿದ್ದು ಯಾರಿಗಿ?”

ಅವಳು ಬೆಂಕಿಯಲ್ಲಿನ ತೆನೆ ಹೊರಳಿಸಿದಳು. “ಕೂಸು ತಾ ತಿನ್ಲಾಕ ಕಲಸ್ಕೊಂಡಿತ್ರಿ. ಗಡಿಬಿಡಿದಾಗ ಅದನ್ನ ಒಗದೆ.”

ಅವನು ಜೋಳವನ್ನೇ ನೋಡಿದ. ದಂಟೊಂದು ಅಲುಗಿತು. ಗಾಳಿ ಇರಲಿಲ್ಲ.

ಅನುಸೂಯಾಬಾಯಿ ಒಣ ದಂಟಿನ ಸಿವುಡು ಬೆಂಕಿಗೆ ನೂಕಿದಳು. ಅದು ಚಟಪಟ ಸಿಡಿಯಿತು. “ಹಳ್ಳದ ಕಡಿ ಹೋಗಬ್ಯಾಡ್ರಿ ಸಾಹೇಬ್ರ, ಇಲ್ಲೇ ಕೂಡ್ರಿ!” ಎಂದು ಜೋಳದೊಳಗೂ ಕೇಳುವಂತೆ ದನಿ ಎತ್ತಿ ಕೂಗಿದಳು. “ಇನ್ನೂ ಭಾಳ ಸುಡೂದದ!”

“ನಾ ಕಿವುಡ ಅಲ್ಲ ಬಾಯಿ,” ಎಂದ ಅವನು ಸಿಡುಕಿ, ಕಾಳು ಬಾಯಿಗೆ ಹಾಕಿಕೊಂಡ.

ತುಸು ಹೊತ್ತಿಗೆ ದೂರದ ಹಳ್ಳದ ದಂಡೆಯಲ್ಲಿ ಹಕ್ಕಿಗಳು ಭರ್ರನೆ ಎದ್ದವು. ಅವಳ ಕೂಗಿನ ಸುಳಿವು ಹಿಡಿದು ಮಡೆಪ್ಪ ಹೊಲ ದಾಟಿದ್ದ. ರಜಾಕಾರ ಅತ್ತ ತಿರುಗಿ ನೋಡುವಷ್ಟರಲ್ಲಿ ಅವಳು ಸುಡುಸುಡುವ ತೆನೆಯನ್ನು ಅವನ ಅಂಗೈಗೆ ಹಾಕಿದಳು.